ಸಾಕಣೆಯ ಮೀನು–ಸಿಗಡಿಗಳ ಆಹಾರ: ಖರ್ಚಿನ ಬಾಬ್ತೇ, ಆರೋಗ್ಯದ ಬಂಡವಾಳವೇ?

ಸಿಗಡಿ ಕೆರೆಯಾಗಲಿ, ಹೊಳೆಯಲ್ಲಿ ಕಟ್ಟಿದ ಮೀನಿನ ಪಂಜರವಾಗಲಿ, ಅದರ ಲೆಕ್ಕಪುಸ್ತಕವನ್ನು ತೆರೆದು ನೋಡಿದರೆ ಖರ್ಚಿನ ಕಡೆಯಲ್ಲಿ ಅತಿ ದೊಡ್ಡ ಮೊತ್ತವಾಗಿ ಕಾಣಿಸುವುದು ಆಹಾರದ ಬಾಬ್ತು. ಸಾಕಣೆಯ ಚಾಲ್ತಿ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ. 50ರಿಂದ 60ರಷ್ಟು ಇದೊಂದಕ್ಕೇ ಸಲ್ಲುತ್ತದೆ. ಮಾರುಕಟ್ಟೆಯಲ್ಲಿ ದರ ಕುಸಿದಾಗ ಮೊದಲು ಕತ್ತರಿ ಬೀಳುವುದೂ ಇದರ ಮೇಲೆಯೇ. ಚೀಲವೊಂದಕ್ಕೆ ಇನ್ನೂರು ಮುನ್ನೂರು ರೂಪಾಯಿ ಕಡಿಮೆಯಾಗುವ ಆಹಾರ ಸಿಕ್ಕರೆ ಸಾಕಣೆದಾರನು ಅದರತ್ತ ವಾಲುವುದು ಸಹಜ. ಆದರೆ ಹೀಗೆ ಉಳಿಸಿದ ಹಣವು ಬೆಳೆಯ ಕೊನೆಯವರೆಗೂ ಉಳಿತಾಯವಾಗಿಯೇ ನಿಲ್ಲುವುದೇ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಏಕೆಂದರೆ ಆಹಾರವು ಮೀನಿನ ತೂಕವನ್ನು ಮಾತ್ರ ಹೆಚ್ಚಿಸುವ ವಸ್ತುವಲ್ಲ. ನೀರಿನ ಉಪ್ಪಿನಂಶ ಒಮ್ಮೆಲೇ ಇಳಿದಾಗ, ಆಮ್ಲಜನಕ ಕಡಿಮೆಯಾದಾಗ, ಬಲೆ ಎಳೆದು ಮೀನನ್ನು ಸ್ಥಳಾಂತರಿಸಿದಾಗ, ರೋಗಾಣು ಮೈಮೇಲೆ ಎರಗಿದಾಗ ಅದು ತಾಳಿಕೊಳ್ಳುವುದೋ ಸಾಯುವುದೋ ಎಂಬುದು ಹಿಂದಿನ ವಾರಗಳಲ್ಲಿ ಅದು ಏನು ತಿಂದಿದೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಈ ವಿಷಯವು ಸಾಕಣೆದಾರರಿಗೆ ಮಾತ್ರವಲ್ಲದೆ ಅವರಿಗೆ ಆಹಾರವನ್ನು ಸಾಲದ ಮೇಲೆ ಒದಗಿಸುವ ವರ್ತಕರಿಗೂ, ಮೀನಿನ ಹುಡಿ, ತೌಡು, ಹಿಂಡಿ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ನೇರವಾಗಿ ಸಂಬಂಧಿಸಿದ್ದು.

ಮೂರು ತಾಲೂಕುಗಳ ನೀರು

ಕುಂದಾಪುರದಲ್ಲಿ ವಾರಾಹಿ, ಚಕ್ರಾ, ಸೌಪರ್ಣಿಕಾ, ಕುಬ್ಜಾ, ಖೇಟಕಿ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ಬ್ರಹ್ಮಾವರದ ಕಡೆ ಸೀತಾ ಮತ್ತು ಸ್ವರ್ಣಾ ನದಿಗಳು ಹಂಗಾರಕಟ್ಟೆ, ಕೋಡಿಬೆಂಗ್ರೆಯ ಬಳಿ ಕಡಲಿಗಿಳಿಯುತ್ತವೆ. ಬೈಂದೂರಿನಲ್ಲಿ ಉಪ್ಪುಂದ ಮೊದಲಾದ ಊರುಗಳ ಹೊಳೆ ಹಾಗೂ ಕಡಲ ತೀರಗಳಿವೆ. ಸಿಹಿನೀರು ಮತ್ತು ಉಪ್ಪುನೀರು ಬೆರೆಯುವ ಈ ಹಿನ್ನೀರು ಪ್ರದೇಶಗಳೇ ಇಲ್ಲಿನ ಸಾಕಣೆಯ ನೆಲೆ.

ಈ ನೀರಿನ ವಿಶೇಷವೆಂದರೆ ಅದರ ಅಸ್ಥಿರತೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಈ ಮಟ್ಟವನ್ನು ಸಮೀಪಿಸಿದರೆ, ಮುಂಗಾರು ಆರಂಭವಾದ ಕೆಲವೇ ದಿನಗಳಲ್ಲಿ ಅದು ಬಹುತೇಕ ಸಿಹಿನೀರಾಗಿ ಬಿಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತಿಂಗಳೊಳಗೇ ಸುರಿಯುವಾಗ, ಇದು ಅನಿವಾರ್ಯ. ಹೊರ ರಾಜ್ಯಗಳ ವಿಶಾಲ ಕೆರೆಗಳಿಗೆಂದು ರೂಪಿಸಿದ ಆಹಾರ ಕ್ರಮವನ್ನು ಇಲ್ಲಿ ಹಾಗೆಯೇ ಅನುಸರಿಸಲಾಗದಿರುವುದಕ್ಕೆ ಇದೂ ಒಂದು ಕಾರಣ.

ಹಿಂದಿನ ಪಾಠ

1990ರ ದಶಕದ ಆರಂಭದಲ್ಲಿ ಹುಲಿ ಸಿಗಡಿಯ ಸಾಕಣೆ ಈ ಭಾಗದಲ್ಲಿ ಭರದಿಂದ ಹಬ್ಬಿತು. ಉಪ್ಪುನೀರು ನುಗ್ಗುತ್ತಿದ್ದ ಗದ್ದೆಗಳು ಕೆರೆಗಳಾದವು. ಆದರೆ 1994ರ ಹೊತ್ತಿಗೆ ದೇಶದ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ರೋಗವು ಬಳಿಕ ಪಶ್ಚಿಮ ಕರಾವಳಿಗೂ ಬಂದು ಅನೇಕರ ಬಂಡವಾಳವನ್ನು ಮುಳುಗಿಸಿತು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಎಸ್. ಜಗನ್ನಾಥ್ ಪ್ರಕರಣದಲ್ಲಿ ನೀಡಿದ ತೀರ್ಪು ಕರಾವಳಿ ಸಿಗಡಿ ಕೆರೆಗಳ ಮೇಲೆ ಕಠಿಣ ನಿರ್ಬಂಧ ಹೇರಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದಿತು. 2009ರಲ್ಲಿ ವನಾಮಿ ಸಿಗಡಿಯ ಸಾಕಣೆಗೆ ದೇಶದಲ್ಲಿ ಅನುಮತಿ ದೊರೆಯಿತು. 2010ರ ನಂತರದ ವರ್ಷಗಳಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ಮಾರ್ಗದರ್ಶನದಲ್ಲಿ ಉಪ್ಪುಂದ ಮೊದಲಾದೆಡೆ ಪಂಜರ ಕೃಷಿ ಬೆಳೆಯಿತು. ಕುರುಡೆ ಎಂದು ಕರೆಯಲ್ಪಡುವ ಸೀಬಾಸ್ ಮತ್ತು ಕೆಂಬೇರಿ ಎಂಬ ಕೆಂಪು ಸ್ನ್ಯಾಪರ್ ಇದರ ಮುಖ್ಯ ಮೀನುಗಳು. 2023ರ ತಿದ್ದುಪಡಿಯ ಮೂಲಕ ಪಂಜರ ಕೃಷಿಯೂ ಪ್ರಾಧಿಕಾರದ ಕಾಯ್ದೆಯ ವ್ಯಾಪ್ತಿಗೆ ಬಂದಿದೆ.

ಬಿಳಿಚುಕ್ಕೆ ರೋಗಕ್ಕೆ ಇಂದಿಗೂ ಔಷಧವಿಲ್ಲ. ಎಷ್ಟೇ ಉತ್ತಮ ಆಹಾರ ಕೊಟ್ಟರೂ ರೋಗಾಣು ಹೊತ್ತ ಮರಿಯನ್ನು ಕೆರೆಗೆ ಬಿಟ್ಟರೆ ನಷ್ಟ ತಪ್ಪದು. ಆದುದರಿಂದ ಪಿ.ಸಿ.ಆರ್. ಪರೀಕ್ಷೆಗೊಳಪಟ್ಟ ಮರಿ, ಸ್ವಚ್ಛವಾದ ನೀರು, ಸಿದ್ಧಪಡಿಸಿದ ಕೆರೆಯ ತಳ ಇವುಗಳ ಬದಲಿಗೆ ಆಹಾರವನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ಸೋಂಕು ಅಲ್ಪ ಪ್ರಮಾಣದಲ್ಲಿದ್ದರೂ ಪ್ರಕಟವಾಗದೆ ಉಳಿಯುವುದು, ಒತ್ತಡಕ್ಕೆ ಸಿಕ್ಕಿದೊಡನೆ ಭುಗಿಲೇಳುವುದು ಈ ರೋಗದ ಲಕ್ಷಣ. ಒತ್ತಡ ತಡೆಯುವ ಶಕ್ತಿಗೆ ಬೆಲೆ ಬರುವುದು ಇಲ್ಲಿಯೇ.

ಒತ್ತಡವೆಂದರೆ ದೇಹದ ತುರ್ತು ವೆಚ್ಚ

ಮೀನಿಗೆ ಅಪಾಯದ ಸೂಚನೆ ದೊರೆತೊಡನೆ ಅದರ ರಕ್ತದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳು ಏರುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಸಂಗ್ರಹದಿಂದ ಸಕ್ಕರೆಯು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಉಸಿರಾಟ ಹೆಚ್ಚುತ್ತದೆ. ಕಿವಿರಿನ ಮೂಲಕ ಲವಣಗಳ ಸಮತೋಲ ಕಾಯಲು ಅಧಿಕ ಶಕ್ತಿ ವ್ಯಯವಾಗುತ್ತದೆ. ಸಿಗಡಿಯಲ್ಲಿ ಕಾರ್ಟಿಸಾಲ್ ಇಲ್ಲವಾದರೂ ಕಣ್ಣಿನ ದಂಟಿನಿಂದ ಸ್ರವಿಸುವ ರಸದೂತವೊಂದು ಸಕ್ಕರೆಯನ್ನು ಏರಿಸುವ ಇದೇ ಕೆಲಸವನ್ನು ಮಾಡುತ್ತದೆ.

ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ಮೀಸಲು ನಿಧಿಯಿಂದ ಮಾಡುವ ತುರ್ತು ವೆಚ್ಚ. ಒಂದೆರಡು ಗಂಟೆಗಳ ಒತ್ತಡವನ್ನು ಆರೋಗ್ಯವಂತ ಮೀನು ತೀರಿಸಿಕೊಳ್ಳುತ್ತದೆ. ಆದರೆ ಒತ್ತಡವು ದಿನಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ರೋಗನಿರೋಧಕ ವ್ಯವಸ್ಥೆಯನ್ನೇ ಕುಗ್ಗಿಸುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಸಾಮಾನ್ಯವಾಗಿ ನೀರಿನಲ್ಲಿ ಇದ್ದೇ ಇರುವ ವಿಬ್ರಿಯೊದಂತಹ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ. ಮೀಸಲು ನಿಧಿ ಇಲ್ಲದ ಸಂಸ್ಥೆ ಮೊದಲ ಸಂಕಷ್ಟದಲ್ಲೇ ದಿವಾಳಿಯಾಗುವಂತೆ ಅಪೌಷ್ಟಿಕ ಮೀನು ಮೊದಲ ದೊಡ್ಡ ಮಳೆಯಲ್ಲೇ ಸೋಲುತ್ತದೆ. ಮೀಸಲನ್ನು ಸಂಕಷ್ಟದ ದಿನ ಕಟ್ಟಲಾಗುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ.

ಆಹಾರದ ಅಂಶಗಳು ಮತ್ತು ಅವುಗಳ ಕೆಲಸ

ಪ್ರೋಟೀನು: ಕಾಟ್ಲಾ, ರೋಹುಗಳಂತಹ ಗೆಂಡೆ ಜಾತಿಯ ಮೀನುಗಳಿಗೆ ಆಹಾರದಲ್ಲಿ ಶೇ. 25ರಿಂದ 30ರಷ್ಟು ಪ್ರೋಟೀನು ಸಾಕಾಗುತ್ತದೆ. ವನಾಮಿ ಸಿಗಡಿಗೆ ಶೇ. 32ರಿಂದ 38ರಷ್ಟು, ಮಾಂಸಾಹಾರಿಯಾದ ಕುರುಡೆಗೆ ಶೇ. 40ಕ್ಕೂ ಮಿಕ್ಕಿ ಬೇಕು. ಚೀಲದ ಮೇಲೆ ಮುದ್ರಿಸಿದ ಶೇಕಡಾ ಪ್ರಮಾಣವೊಂದನ್ನೇ ನೋಡಿ ಗುಣಮಟ್ಟ ಅಳೆಯುವುದು ತಪ್ಪು. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಯು ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನನ್ನು ಲೆಕ್ಕ ಹಾಕುತ್ತದೆ. ಜೀರ್ಣವಾಗದ ಪ್ರೋಟೀನೂ, ಯೂರಿಯಾದಂತಹ ಕಲಬೆರಕೆಯೂ ಅದರಲ್ಲಿ ಪ್ರೋಟೀನಾಗಿಯೇ ಕಾಣಿಸುತ್ತವೆ. ಲೈಸಿನ್, ಮಿಥಿಯೋನಿನ್ ಮೊದಲಾದ ಅಮೈನೊ ಆಮ್ಲಗಳ ಕೊರತೆಯಿದ್ದರೆ ಉಳಿದ ಪ್ರೋಟೀನು ಮೈಗೆ ಹತ್ತದೆ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಅಂದರೆ ಕೀಳು ಪ್ರೋಟೀನು ಮೀನನ್ನು ಒಳಗಿನಿಂದಲೂ ಹೊರಗಿನಿಂದಲೂ ದುರ್ಬಲಗೊಳಿಸುತ್ತದೆ.

ಕೊಬ್ಬು: ಕಡಲ ಮೀನುಗಳು ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬ ಒಮೆಗಾ–3 ಕೊಬ್ಬಿನಾಮ್ಲಗಳನ್ನು ತಾವಾಗಿ ಸಾಕಷ್ಟು ತಯಾರಿಸಿಕೊಳ್ಳಲಾರವು. ಜೀವಕೋಶದ ಪೊರೆ ಮೃದುವಾಗಿ, ಕ್ರಿಯಾಶೀಲವಾಗಿ ಉಳಿಯಲು ಇವು ಅಗತ್ಯ. ಇವುಗಳ ಕೊರತೆಯಿರುವ ಮರಿಗಳನ್ನು ನೀರಿನಿಂದ ಎತ್ತಿ ಬೇರೆಡೆ ಬಿಟ್ಟಾಗ ಸಾವು ಹೆಚ್ಚೆಂಬುದು ಮರಿ ಉತ್ಪಾದನಾ ಕೇಂದ್ರಗಳ ಪ್ರಯೋಗಗಳಲ್ಲಿ ಪದೇ ಪದೇ ಕಂಡುಬಂದಿದೆ. ಸಿಗಡಿಗೆ ಇವುಗಳ ಜೊತೆಗೆ ಕೊಲೆಸ್ಟರಾಲ್ ಮತ್ತು ಲೆಸಿಥಿನ್ ಆಹಾರದಿಂದಲೇ ದೊರೆಯಬೇಕು. ಪೊರೆ ಕಳಚುವುದನ್ನು ನಿಯಂತ್ರಿಸುವ ರಸದೂತವು ಕೊಲೆಸ್ಟರಾಲಿನಿಂದಲೇ ತಯಾರಾಗುತ್ತದೆ.

ಜೀವಸತ್ತ್ವಗಳು: ಬಹುತೇಕ ಸಾಕಣೆ ಮೀನುಗಳು ಮತ್ತು ಸಿಗಡಿಗಳು ಮನುಷ್ಯನಂತೆಯೇ ಸಿ ಜೀವಸತ್ತ್ವವನ್ನು ಸ್ವತಃ ತಯಾರಿಸಿಕೊಳ್ಳಲಾರವು. ಗಾಯ ಮಾಯುವುದಕ್ಕೆ, ಎಲುಬು ಮತ್ತು ಚರ್ಮದ ಕೊಲಾಜಿನ್ ಕಟ್ಟುವುದಕ್ಕೆ, ರೋಗನಿರೋಧಕ ಕೋಶಗಳ ಕೆಲಸಕ್ಕೆ ಇದು ಬೇಕು. ಕೊರತೆಯಾದರೆ ಬೆನ್ನುಮೂಳೆ ಡೊಂಕಾಗುತ್ತದೆ, ಕಿವಿರಿನಲ್ಲಿ ರಕ್ತಸ್ರಾವವಾಗುತ್ತದೆ. ಸಾಮಾನ್ಯ ಸಿ ಜೀವಸತ್ತ್ವವು ತಯಾರಿಕೆಯ ಶಾಖದಲ್ಲೂ ದಾಸ್ತಾನಿನ ತೇವದಲ್ಲೂ ಬೇಗ ನಾಶವಾಗುವುದರಿಂದ ಉತ್ತಮ ಆಹಾರ ತಯಾರಕರು ಅದರ ಸ್ಥಿರವಾದ ಫಾಸ್ಫೇಟ್ ರೂಪವನ್ನು ಬಳಸುತ್ತಾರೆ. ಇ ಜೀವಸತ್ತ್ವವು ದೇಹದ ಕೊಬ್ಬು ಹಾಳಾಗದಂತೆ ಕಾಯುತ್ತದೆ.

ಲವಣಗಳು: ಸಿಗಡಿಯು ಪೊರೆ ಕಳಚಿದೊಡನೆ ಹೊಸ ಚಿಪ್ಪನ್ನು ಗಟ್ಟಿಗೊಳಿಸಲು ಸುತ್ತಲ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೀರಿಕೊಳ್ಳುತ್ತದೆ. ಮಳೆಯ ನೀರು ಕೆರೆಗೆ ತುಂಬಿದಾಗ ಇವು ಕಡಿಮೆಯಾಗಿ ಚಿಪ್ಪು ಮೆದುವಾಗಿಯೇ ಉಳಿಯುತ್ತದೆ. ಅಂಥ ಸಿಗಡಿಯನ್ನು ಇತರ ಸಿಗಡಿಗಳೇ ತಿನ್ನುತ್ತವೆ, ರೋಗವೂ ಸುಲಭವಾಗಿ ಹರಡುತ್ತದೆ. ಅಮಾವಾಸ್ಯೆ–ಹುಣ್ಣಿಮೆಗಳ ಆಸುಪಾಸಿನಲ್ಲಿ ಪೊರೆ ಕಳಚುವುದು ಹೆಚ್ಚೆಂಬುದು ಕೃಷಿಕರ ಅನುಭವ. ಆ ದಿನಗಳಲ್ಲೇ ಭಾರೀ ಮಳೆಯಾದರೆ ಹಾನಿ ಇಮ್ಮಡಿಯಾಗುತ್ತದೆ. ಆಹಾರಕ್ಕೆ ಲವಣ ಮಿಶ್ರಣ ಸೇರಿಸುವುದರ ಜೊತೆಗೆ ನೀರಿಗೂ ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಪರೀಕ್ಷೆಯ ಆಧಾರದ ಮೇಲೆ ಕೊಡಬೇಕಾಗುತ್ತದೆ.

ವರ್ಣದ್ರವ್ಯ: ಸಿಗಡಿಯನ್ನು ಬೇಯಿಸಿದಾಗ ಬರುವ ಕೆಂಪು ಬಣ್ಣಕ್ಕೆ ಕಾರಣವಾದ ಆಸ್ಟಾಕ್ಸಾಂಥಿನ್ ಬಣ್ಣದ ಜೊತೆಗೆ ಪ್ರಬಲವಾದ ಉತ್ಕರ್ಷಣ ನಿರೋಧಕವೂ ಹೌದು. ಇದು ಆಹಾರದಲ್ಲಿದ್ದಾಗ ಸಿಗಡಿಗಳು ಉಪ್ಪಿನಂಶದ ಏರಿಳಿತ ಮತ್ತು ಅಮೋನಿಯಾದ ಒತ್ತಡವನ್ನು ಹೆಚ್ಚು ತಾಳಿಕೊಂಡಿರುವುದು ಪ್ರಯೋಗಗಳಲ್ಲಿ ತಿಳಿದುಬಂದಿದೆ. ಬಣ್ಣ ಉತ್ತಮವಾಗಿದ್ದರೆ ಖರೀದಿದಾರನಿಂದ ದೊರೆಯುವ ದರವೂ ಉತ್ತಮ.

ಹಸಿ ಮೀನೋ, ಗುಳಿಗೆಯ ಆಹಾರವೋ?

ಪಂಜರ ಕೃಷಿಯಲ್ಲಿ ಕಡಿಮೆ ಬೆಲೆಯ ಹಸಿ ಮೀನನ್ನು ಕತ್ತರಿಸಿ ಹಾಕುವ ರೂಢಿ ವ್ಯಾಪಕವಾಗಿದೆ. ಬಂದರಿನ ಸಮೀಪದವರಿಗೆ ಅದು ಸುಲಭವಾಗಿ ದೊರೆಯುತ್ತದೆ, ಮೀನೂ ಆಸೆಯಿಂದ ತಿನ್ನುತ್ತದೆ. ಇದರ ಲೆಕ್ಕವನ್ನು ಸರಿಯಾಗಿ ಮಾಡಬೇಕು.

ಒಂದು ಕಿಲೋ ಕುರುಡೆ ಬೆಳೆಯಲು ಸುಮಾರು 6 ಕಿಲೋ ಹಸಿ ಮೀನು ಬೇಕೆಂದೂ, ಗುಳಿಗೆಯ ಆಹಾರವಾದರೆ 1.7 ಕಿಲೋ ಸಾಕೆಂದೂ ಇಟ್ಟುಕೊಳ್ಳಬಹುದು. ಈ ದೊಡ್ಡ ಅಂತರಕ್ಕೆ ಕಾರಣ ಹಸಿ ಮೀನಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಆಗಿರುವುದು. ಹಸಿ ಮೀನು ಕಿಲೋಗೆ 30 ರೂ., ಗುಳಿಗೆ ಕಿಲೋಗೆ 120 ರೂ. ಎಂದು ಉದಾಹರಣೆಗೆ ಹಿಡಿದರೆ, ಒಂದು ಕಿಲೋ ಕುರುಡೆಗೆ ಹಸಿ ಮೀನಿನ ವೆಚ್ಚ 180 ರೂ., ಗುಳಿಗೆಯ ವೆಚ್ಚ 204 ರೂ. ಮೇಲ್ನೋಟಕ್ಕೆ ಹಸಿ ಮೀನೇ ಅಗ್ಗ. ಆದರೆ ಅದರ ದರ 34 ರೂಪಾಯಿಗೆ ಏರಿದೊಡನೆ ಎರಡೂ ಸಮವಾಗುತ್ತವೆ. ಮಂಜುಗಡ್ಡೆ, ಕತ್ತರಿಸುವ ಕೂಲಿ, ಕೆಟ್ಟುಹೋಗುವ ಪಾಲು ಇವುಗಳನ್ನು ಸೇರಿಸಿದರೆ ಈ ಸಮಬಿಂದು ಇನ್ನೂ ಕೆಳಗೆ ಬರುತ್ತದೆ.

ದರಕ್ಕಿಂತ ಮುಖ್ಯವಾದುದು ಕಾಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುತ್ತದೆ. ಹೊಳೆಯ ನೀರು ಸಿಹಿಯಾಗಿ, ಕೆಸರಾಗಿ ಮೀನಿನ ಮೇಲೆ ಅತಿ ಹೆಚ್ಚಿನ ಒತ್ತಡ ಬೀಳುವ ಅದೇ 61 ದಿನಗಳಲ್ಲಿ ಹಸಿ ಮೀನಿನ ಪೂರೈಕೆ ಕುಸಿಯುತ್ತದೆ. ಮುಂಗಾರಿಗೆ ಮೊದಲೇ ಕೊಯ್ಲು ಮುಗಿಸದೆ ಮೀನನ್ನು ಪಂಜರದಲ್ಲೇ ಉಳಿಸಿಕೊಳ್ಳುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಸಿ ಮೀನಿಗೆ ಒಗ್ಗಿದ ಕುರುಡೆಯನ್ನು ಒಂದೇ ದಿನದಲ್ಲಿ ಗುಳಿಗೆಗೆ ತಿರುಗಿಸಲಾಗದು. ಮರಿಯ ಹಂತದಿಂದಲೇ ಗುಳಿಗೆಯ ರೂಢಿ ಮಾಡಿಸಿದ್ದರೆ ಮಾತ್ರ ಅದು ಸಾಧ್ಯ.

ಆರೋಗ್ಯದ ದೃಷ್ಟಿಯಿಂದಲೂ ಹಸಿ ಮೀನಿಗೆ ಮಿತಿಗಳಿವೆ. ಬೂತಾಯಿಯ ಬಳಗಕ್ಕೆ ಸೇರಿದ ಹಲವು ಮೀನುಗಳ ಹಸಿ ಮಾಂಸದಲ್ಲಿ ಥಯಮಿನೇಸ್ ಎಂಬ ಕಿಣ್ವವಿದ್ದು ಅದು ಬಿ–1 ಜೀವಸತ್ತ್ವವನ್ನು ನಾಶಮಾಡುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನು ಹಸಿವು ಕಳೆದುಕೊಂಡು, ಸಮತೋಲ ತಪ್ಪಿ ಈಜುತ್ತದೆ, ಅಲ್ಪ ಗಾಬರಿಗೂ ಸಾಯುತ್ತದೆ. ಬೇಯಿಸಿದರೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಎರಡನೆಯದಾಗಿ ಮಂಜುಗಡ್ಡೆಯಿಲ್ಲದೆ ಇಟ್ಟ ಕೊಬ್ಬಿನ ಮೀನು ಬೇಗ ಕಮಟುತ್ತದೆ. ಮೂರನೆಯದಾಗಿ ಹಸಿ ಏಡಿ, ಸಿಗಡಿಗಳ ತುಣುಕುಗಳನ್ನು ಸಿಗಡಿ ಕೆರೆಗೆ ಹಾಕಿದರೆ ಬಿಳಿಚುಕ್ಕೆ ರೋಗವನ್ನು ಕೈಯಾರೆ ಕರೆತಂದಂತೆ. ಹಸಿ ಮೀನನ್ನೇ ಬಳಸುವುದು ಅನಿವಾರ್ಯವಾದಲ್ಲಿ ತಾಜಾತನ, ಒಂದೇ ಜಾತಿಗೆ ಸೀಮಿತವಾಗದ ವೈವಿಧ್ಯ, ಜೀವಸತ್ತ್ವ ಮಿಶ್ರಣದ ಲೇಪನ ಈ ಮೂರನ್ನು ಪಾಲಿಸುವುದು ಕ್ಷೇಮಕರ.

ತೌಡು, ಹಿಂಡಿ ಮತ್ತು ದಾಸ್ತಾನು

ಸಿಹಿನೀರಿನ ಕೆರೆಗಳಲ್ಲಿ ಗೆಂಡೆ ಮೀನಿಗೆ ಅಕ್ಕಿ ತೌಡು ಮತ್ತು ನೆಲಗಡಲೆ ಹಿಂಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ ಕೊಡುವುದು ಹಳೆಯ ಪದ್ಧತಿ. ಅಕ್ಕಿ ಗಿರಣಿಗಳಿಗೆ ಇದೊಂದು ಉಪಮಾರುಕಟ್ಟೆಯೂ ಹೌದು. ಬೆಳ್ತಿಗೆ ಅಕ್ಕಿಯ ತೌಡಿನಲ್ಲಿ ಲೈಪೇಸ್ ಎಂಬ ಕಿಣ್ವವು ಸಕ್ರಿಯವಾಗಿರುವುದರಿಂದ ಗಿರಣಿಯಿಂದ ಹೊರಬಂದ ಕೆಲವೇ ದಿನಗಳಲ್ಲಿ ಅದರ ಎಣ್ಣೆ ಕೆಡಲಾರಂಭಿಸುತ್ತದೆ. ಕುಚ್ಚಲಕ್ಕಿಯ ತೌಡಿನಲ್ಲಿ ಭತ್ತ ಬೇಯಿಸುವಾಗಲೇ ಈ ಕಿಣ್ವ ನಾಶವಾಗಿರುವುದರಿಂದ ಅದು ಹೆಚ್ಚು ಕಾಲ ಬಾಳುತ್ತದೆ. ಆದರೆ ಗಾಳಿಗೆ ತೆರೆದಿಟ್ಟರೆ ಅದೂ ಕಮಟುತ್ತದೆ. ಕಮಟಿದ ಕೊಬ್ಬು ಮೀನಿನ ಯಕೃತ್ತಿಗೆ ವಿಷವಿದ್ದಂತೆ. ಅದು ಇ ಜೀವಸತ್ತ್ವವನ್ನು ಕಬಳಿಸಿ ಸ್ನಾಯುಗಳನ್ನು ಕ್ಷೀಣಗೊಳಿಸುತ್ತದೆ.

ನೆಲಗಡಲೆ ಹಿಂಡಿ ಮತ್ತು ಮೆಕ್ಕೆಜೋಳದಲ್ಲಿ ಬೆಳೆಯುವ ಶಿಲೀಂಧ್ರದಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಇದು ಮೀನನ್ನು ಕೂಡಲೇ ಕೊಲ್ಲದಿದ್ದರೂ ಯಕೃತ್ತನ್ನು ಹಾಳುಮಾಡಿ, ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಬೂಸ್ಟನ್ನು ಕೊಡವಿ ಬಿಸಿಲಿಗೆ ಹಾಕಿದರೆ ವಿಷ ಹೋಗುವುದಿಲ್ಲ. ಕರಾವಳಿಯ ತೇವಭರಿತ ಹವೆಯಲ್ಲಿ ಆಹಾರದ ತೇವಾಂಶ ಶೇ. 12ನ್ನು ಮೀರದಂತೆ ನೋಡಿಕೊಳ್ಳುವುದೇ ಉಪಾಯ. ವರ್ತಕರು ಗಮನಿಸಬೇಕಾದ ಅಂಶಗಳಿವು:

1. ಚೀಲಗಳನ್ನು ನೆಲದ ಮೇಲಾಗಲಿ ಗೋಡೆಗೆ ತಾಗಿಸಿಯಾಗಲಿ ಇಡದೆ ಮರದ ಅಟ್ಟಣೆಯ ಮೇಲೆ ಜೋಡಿಸಬೇಕು.
2. ತಗಡಿನ ಮಾಡಿನ ಕೆಳಗಿನ ಬಿಸಿಲ ಝಳದಲ್ಲಿ ಜೀವಸತ್ತ್ವಗಳು ಬೇಗ ನಾಶವಾಗುವುದರಿಂದ ಗಾಳಿಯಾಡುವ, ತಂಪಾದ ಗೋದಾಮು ಬೇಕು.
3. ಮೊದಲು ಬಂದ ಸರಕು ಮೊದಲು ಹೊರಹೋಗಬೇಕು. ತಯಾರಿಕೆಯ ದಿನಾಂಕದಿಂದ ಮೂರು ತಿಂಗಳೊಳಗೆ ಬಳಕೆಯಾಗುವಂತೆ ಖರೀದಿಯನ್ನು ಯೋಜಿಸಬೇಕು.
4. ಪ್ರತಿ ಮಾರಾಟದ ಬಿಲ್ಲಿನಲ್ಲಿ ತಯಾರಿಕಾ ತಂಡದ ಸಂಖ್ಯೆಯನ್ನು ನಮೂದಿಸಬೇಕು. ದೂರು ಬಂದಾಗ ಹೊಣೆ ಯಾರದೆಂದು ನಿರ್ಧರಿಸಲು ಇದೊಂದೇ ದಾಖಲೆ.

ಮಳೆಗಾಲಕ್ಕೆಂದು ಮೇ ತಿಂಗಳಲ್ಲಿ ರಿಯಾಯಿತಿ ದರದಲ್ಲಿ ತುಂಬಿಟ್ಟ ದಾಸ್ತಾನು ಆಗಸ್ಟ್ ಹೊತ್ತಿಗೆ ತೂಕದಲ್ಲಿ ಅಷ್ಟೇ ಇದ್ದರೂ ಗುಣದಲ್ಲಿ ಅರ್ಧವಾಗಿರಬಹುದು. ಲೆಕ್ಕಪುಸ್ತಕದ ದಾಸ್ತಾನು ಮೌಲ್ಯವು ಈ ಇಳಿಕೆಯನ್ನು ತೋರಿಸುವುದಿಲ್ಲ.

ಪೂರಕಗಳು ಮತ್ತು ಪ್ರತಿಜೀವಕಗಳು

ಯೀಸ್ಟಿನ ಬೀಟಾ ಗ್ಲೂಕಾನ್, ಪ್ರೊಬಯಾಟಿಕ್, ನ್ಯೂಕ್ಲಿಯೊಟೈಡ್ ಮೊದಲಾದ ಪೂರಕಗಳು ಇಂದು ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತಿವೆ. ಇವುಗಳಲ್ಲಿ ಕೆಲವಕ್ಕೆ ವೈಜ್ಞಾನಿಕ ಆಧಾರವಿದೆ. ಗ್ಲೂಕಾನ್ ನಿರೋಧಕ ಕೋಶಗಳನ್ನು ಎಚ್ಚರಿಸುತ್ತದೆ. ಬೆಸಿಲಸ್ ಜಾತಿಯ ಬ್ಯಾಕ್ಟೀರಿಯಾ ಕರುಳಿನಲ್ಲಿ ವಿಬ್ರಿಯೊಗೆ ಎಡೆಗೊಡದಂತೆ ನೆಲೆಸುತ್ತದೆ. ಆದರೆ ಗ್ಲೂಕಾನನ್ನು ಬೆಳೆಯುದ್ದಕ್ಕೂ ಎಡೆಬಿಡದೆ ಕೊಟ್ಟರೆ ಪರಿಣಾಮ ಕುಗ್ಗುತ್ತದೆ. ನಿರೀಕ್ಷಿತ ಒತ್ತಡಕ್ಕೆ ಒಂದೆರಡು ವಾರ ಮೊದಲು ಕೊಡುವುದು ಸೂಕ್ತ. ಮೂಲ ಆಹಾರವೇ ಕೀಳಾಗಿದ್ದರೆ ಪೂರಕವು ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ.

ಪ್ರತಿಜೀವಕಗಳ ವಿಷಯ ಬೇರೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಮೊದಲಾದವುಗಳ ಬಳಕೆ ಜಲಕೃಷಿಯಲ್ಲಿ ನಿಷಿದ್ಧ. ಐರೋಪ್ಯ ಒಕ್ಕೂಟ, ಅಮೆರಿಕ, ಜಪಾನ್ ದೇಶಗಳಲ್ಲಿ ಇವುಗಳ ಲೇಶ ಪತ್ತೆಯಾದರೂ ಸರಕು ತಿರಸ್ಕೃತವಾಗುತ್ತದೆ. ಒಬ್ಬ ಸಾಕಣೆದಾರನು ಆಹಾರಕ್ಕೆ ಬೆರೆಸಿದ ಔಷಧಿಯಿಂದ ಇಡೀ ಕಂಟೇನರ್ ಹಿಂದಿರುಗಬಹುದು. ಘಟಕಗಳ ಪಟ್ಟಿಯಿಲ್ಲದ ‘ಶಕ್ತಿವರ್ಧಕ’ ಪುಡಿಯನ್ನು ಮಾರದಿರುವುದು ವರ್ತಕನ ಸ್ವಂತ ಹಿತಕ್ಕೂ ಒಳ್ಳೆಯದು.

ಎಷ್ಟು, ಯಾವಾಗ ಕೊಡಬೇಕು?

ಉತ್ತಮ ಆಹಾರವೂ ಅತಿಯಾದರೆ ಒತ್ತಡದ ಮೂಲವೇ ಆಗುತ್ತದೆ. ಸಿಗಡಿಗೆ ಕೊಟ್ಟ ಆಹಾರದ ಸಾರಜನಕದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಅಂಶ ಮಾತ್ರ ಅದರ ಮೈಯಲ್ಲಿ ಉಳಿಯುತ್ತದೆ. ಮಿಕ್ಕದ್ದು ನೀರಿಗೂ ತಳದ ಕೆಸರಿಗೂ ಸೇರಿ ಅಮೋನಿಯಾ ಏರಿಸುತ್ತದೆ. ತಟ್ಟೆಯಲ್ಲಿ ಇಟ್ಟ ಆಹಾರ ನಿಗದಿತ ಅವಧಿಯಲ್ಲಿ ಖಾಲಿಯಾಯಿತೇ ಎಂದು ನೋಡಿ ಮುಂದಿನ ಹೊತ್ತಿನ ಪ್ರಮಾಣ ನಿರ್ಧರಿಸುವುದು ಇದಕ್ಕೆ ಪರಿಹಾರ. ಮೋಡ ಮುಸುಕಿದ ದಿನ, ಜಡಿಮಳೆಯ ದಿನ, ಸಾಮೂಹಿಕವಾಗಿ ಪೊರೆ ಕಳಚುವ ದಿನ ಆಹಾರವನ್ನು ತಗ್ಗಿಸಬೇಕು. ಜೀರ್ಣಕ್ರಿಯೆಗೇ ಆಮ್ಲಜನಕ ಹೆಚ್ಚು ಬೇಕಾಗುವುದರಿಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವಾಗ ಹೊಟ್ಟೆತುಂಬ ಉಣಿಸುವುದು ಅಪಾಯ. ಮೀನನ್ನು ಸಾಗಿಸುವ ಅಥವಾ ಗಾತ್ರವಾರು ಬೇರ್ಪಡಿಸುವ ಮೊದಲು ಒಂದು ದಿನ ಉಪವಾಸವಿಡುವುದೂ ಇದೇ ಕಾರಣಕ್ಕೆ.

ಅಂಕಿಗಳು ಹೇಳುವ ಸತ್ಯ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಕಲ್ಪಿಸಿದವು. 3 ಲಕ್ಷ ವನಾಮಿ ಮರಿ ಬಿಟ್ಟ ಎರಡು ಕೆರೆಗಳಿವೆಯೆಂದು ಭಾವಿಸೋಣ.

ಮೊದಲ ಕೆರೆ: ಆಹಾರ ಕಿಲೋಗೆ 90 ರೂ., ಉಳಿವು ಶೇ. 80, ಸರಾಸರಿ ತೂಕ 25 ಗ್ರಾಂ, ಆಹಾರ ಪರಿವರ್ತನೆ 1.3. ಇಳುವರಿ 6,000 ಕಿಲೋ. ಆಹಾರ 7,800 ಕಿಲೋ. ಆಹಾರ ವೆಚ್ಚ 7,02,000 ರೂ.

ಎರಡನೆಯ ಕೆರೆ: ಆಹಾರ ಕಿಲೋಗೆ 80 ರೂ., ಉಳಿವು ಶೇ. 65, ಸರಾಸರಿ ತೂಕ 22 ಗ್ರಾಂ, ಪರಿವರ್ತನೆ 1.6. ಇಳುವರಿ 4,290 ಕಿಲೋ. ಆಹಾರ 6,864 ಕಿಲೋ. ಆಹಾರ ವೆಚ್ಚ 5,49,120 ರೂ.

ಆಹಾರದ ಖಾತೆಯನ್ನಷ್ಟೇ ನೋಡಿದರೆ ಎರಡನೆಯವನು 1,52,880 ರೂ. ಉಳಿಸಿದ್ದಾನೆ. ಮರಿ, ವಿದ್ಯುತ್, ಕೂಲಿ, ಗೇಣಿ ಇತ್ಯಾದಿ ಇತರ ವೆಚ್ಚ ಇಬ್ಬರಿಗೂ 7 ಲಕ್ಷ ರೂ. ಎಂದಿಟ್ಟುಕೊಂಡರೆ, ಕಿಲೋ ಸಿಗಡಿಯ ಉತ್ಪಾದನಾ ವೆಚ್ಚ ಮೊದಲ ಕೆರೆಯಲ್ಲಿ ಸುಮಾರು 234 ರೂ., ಎರಡನೆಯದರಲ್ಲಿ ಸುಮಾರು 291 ರೂ. ಕಿಲೋಗೆ 40 ತೂಗುವ ಸಿಗಡಿಗೆ 330 ರೂ., 45 ತೂಗುವುದಕ್ಕೆ 310 ರೂ. ದೊರೆತರೆ ಲಾಭ ಮೊದಲನೆಯವನಿಗೆ 5,78,000 ರೂ., ಎರಡನೆಯವನಿಗೆ 80,780 ರೂ.

ಈ ವ್ಯತ್ಯಾಸವೆಲ್ಲ ಆಹಾರದಿಂದಲೇ ಬಂದುದೆಂದು ವಾದಿಸುವುದು ಸರಿಯಲ್ಲ. ಮರಿ, ನೀರು, ನಿರ್ವಹಣೆಗಳ ಪಾಲೂ ಇದರಲ್ಲಿರುತ್ತದೆ. ಆದುದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಮೊದಲ ಕೆರೆಯವನು ಉಳಿದೆಲ್ಲವನ್ನೂ ಹಾಗೆಯೇ ಇಟ್ಟು 80 ರೂಪಾಯಿಯ ಆಹಾರಕ್ಕೆ ಬದಲಾದರೆ ಉಳಿಯುವುದು 78,000 ರೂ. ಈ ಉಳಿತಾಯ ಪೂರ್ತಿ ಕರಗಿಹೋಗಲು ಎಷ್ಟು ಇಳುವರಿ ಕಡಿಮೆಯಾಗಬೇಕು? ಸುಮಾರು 345 ಕಿಲೋ, ಅಂದರೆ ಬೆಳೆಯ ಶೇ. 6ಕ್ಕಿಂತಲೂ ಕಡಿಮೆ. ಒಂದು ರಾತ್ರಿಯ ಜಡಿಮಳೆಗೆ ಅಷ್ಟು ಸಿಗಡಿ ಸಾಯುವುದು ಅಪರೂಪವೇನಲ್ಲ. ಪ್ರತಿಯೊಬ್ಬ ಸಾಕಣೆದಾರನೂ ತನ್ನದೇ ಅಂಕಿಗಳನ್ನು ಹಾಕಿ ಈ ಸಮಬಿಂದುವನ್ನು ಕಂಡುಕೊಂಡ ಮೇಲೆಯೇ ಆಹಾರವನ್ನು ಬದಲಿಸುವ ನಿರ್ಧಾರ ಮಾಡಬೇಕು. ದುಬಾರಿ ಆಹಾರವೆಲ್ಲ ಉತ್ತಮವೆಂದೂ ಇದರ ಅರ್ಥವಲ್ಲ. ಪರಿವರ್ತನೆ ಮತ್ತು ಉಳಿವುಗಳಲ್ಲಿ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡದ ದುಬಾರಿ ಆಹಾರವೂ ನಷ್ಟವೇ.

ದಾಖಲೆ, ಸಾಲ ಮತ್ತು ವಿಮೆ

ಕರಾವಳಿಯಲ್ಲಿ ಆಹಾರದ ವ್ಯಾಪಾರ ಬಹುಮಟ್ಟಿಗೆ ಕೊಯ್ಲಿನವರೆಗಿನ ಸಾಲದ ಮೇಲೆ ನಡೆಯುತ್ತದೆ. ಬೆಳೆ ಸೋತರೆ ಸಾಕಣೆದಾರನ ನಷ್ಟವು ವರ್ತಕನ ಪುಸ್ತಕದಲ್ಲಿ ವಸೂಲಾಗದ ಬಾಕಿಯಾಗಿ ಕುಳಿತುಕೊಳ್ಳುತ್ತದೆ. ಆದುದರಿಂದ ಕೆಟ್ಟ ದಾಸ್ತಾನನ್ನು ಸಾಗಹಾಕುವ ವರ್ತಕನು ತನ್ನ ಸಾಲಗಾರನನ್ನೇ ದುರ್ಬಲಗೊಳಿಸಿದಂತಾಗುತ್ತದೆ. ದಿನವಾರು ಕೊಟ್ಟ ಆಹಾರ, ತಟ್ಟೆಯಲ್ಲಿ ಉಳಿದದ್ದು, ವಾರದ ಸರಾಸರಿ ತೂಕ, ಸತ್ತವುಗಳ ಎಣಿಕೆ, ಉಪ್ಪಿನಂಶ, ಮಳೆಯ ದಿನ ಇವಿಷ್ಟನ್ನು ಬರೆದಿಡುವ ಒಂದು ಪುಸ್ತಕವನ್ನು ಸಾಲದ ಷರತ್ತಾಗಿಯೇ ಕೇಳಬಹುದು. ಪರಿವರ್ತನೆಯ ಪ್ರಮಾಣವು ಎರಡು ವಾರ ಸತತವಾಗಿ ಹದಗೆಟ್ಟರೆ ಅದು ರೋಗಕ್ಕೆ ಮೊದಲೇ ಬರುವ ಮುನ್ಸೂಚನೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವು 2018–19ರಿಂದ ಮೀನುಗಾರಿಕೆಗೂ ವಿಸ್ತರಿಸಿದ್ದು ಆಹಾರದಂತಹ ಚಾಲ್ತಿ ವೆಚ್ಚಕ್ಕೆ ಬಳಸಬಹುದಾಗಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ–ಪಂಗಡದವರಿಗೆ ಶೇ. 60ರ ಸಹಾಯಧನವನ್ನು ನಿಗದಿಪಡಿಸಲಾಯಿತು. 2024ರಲ್ಲಿ ಮಂಜೂರಾದ ಅದರ ಉಪಯೋಜನೆಯಲ್ಲಿ ಜಲಕೃಷಿ ವಿಮೆಯ ಕಂತಿಗೆ ಒಮ್ಮೆ ಶೇ. 40ರಷ್ಟು ಪ್ರೋತ್ಸಾಹಧನವನ್ನು ಮಿತಿಗೊಳಪಟ್ಟು ಸೇರಿಸಲಾಗಿದೆ. ಸಾಲವಾಗಲಿ ವಿಮೆಯಾಗಲಿ, ಕ್ರಮಬದ್ಧ ದಾಖಲೆಯಿದ್ದವನ ಮಾತಿಗೇ ತೂಕ.

ತಾಂತ್ರಿಕ ಸಲಹೆಗೆ ದೂರ ಹೋಗಬೇಕಾಗಿಲ್ಲ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮೀನುಗಾರಿಕಾ ಇಲಾಖೆಯ ತಾಲೂಕು ಕಚೇರಿಗಳು ಸಮೀಪದಲ್ಲೇ ಇವೆ. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಶೋಧನಾ ಸಂಸ್ಥೆಯು ದೇಶೀಯ ಕಚ್ಚಾವಸ್ತುಗಳಿಂದಲೇ ‘ವನಾಮಿ ಪ್ಲಸ್’ ಎಂಬ ಸಿಗಡಿ ಆಹಾರವನ್ನು ರೂಪಿಸಿ ಅದರ ತಂತ್ರಜ್ಞಾನವನ್ನು ಸಣ್ಣ ತಯಾರಕರಿಗೂ ನೀಡಿದೆ. ಮೀನಿನ ಹುಡಿ, ತೌಡು, ಹಿಂಡಿ ಮೂರೂ ದೊರೆಯುವ ಈ ಭಾಗದ ಉದ್ದಿಮೆದಾರರು ಇದರ ಸಾಧ್ಯತೆಯನ್ನು ಪರಿಶೀಲಿಸುವುದು ಉಚಿತ.

ಒಟ್ಟಿನಲ್ಲಿ, ಮೀನಿನ ಆಹಾರವನ್ನು ಕೇವಲ ಕಿಲೋದ ದರದಿಂದ ಅಳೆಯುವ ಪದ್ಧತಿ ಬದಲಾಗಬೇಕಾಗಿದೆ. ಕೊಯ್ಲಾದ ಪ್ರತಿ ಕಿಲೋ ಮೀನಿಗೆ ತಗುಲಿದ ಆಹಾರ ವೆಚ್ಚ ಎಷ್ಟು, ಬಿಟ್ಟ ಮರಿಗಳಲ್ಲಿ ಉಳಿದದ್ದೆಷ್ಟು ಎಂಬ ಎರಡು ಅಂಕಿಗಳೇ ನಿಜವಾದ ಅಳತೆಗೋಲು. ಮುಂಗಾರಿನ ಮೊದಲ ಮಳೆಯನ್ನು ಯಾರೂ ತಡೆಯಲಾರರು. ಆ ಮಳೆಗೆ ಮೀನನ್ನು ಸಿದ್ಧಗೊಳಿಸುವ ಕೆಲಸ ಏಪ್ರಿಲ್, ಮೇ ತಿಂಗಳ ಆಹಾರದ ಚೀಲದಿಂದಲೇ ಆರಂಭವಾಗಬೇಕು.